ಕೆಂಚಣ್ಣನ ಬಾಯಿ, ಶಿವಗಂಗಮ್ಮನ ಸೌಟು

ಸೊಂಡಿಲೆಂಬ ಪರದೆಯ ಹಿಂದೆ ಬಾಯಿಯನ್ನು ಅಡಗಿಸಿಕೊಂಡು, ತುಟಿ ಅಲ್ಲಾಡಿತೋ ಇಲ್ಲವೋ ಎಂಬ ಗುಟ್ಟನ್ನು ಯುಗಯುಗಾಂತರಗಳಿಂದ ಮೂರು ಲೋಕದವರಿಗೂ ಬಿಟ್ಟುಕೊಡದ, ಮೋದಕ ಒಳಹೋಗುವುದನ್ನು ಮಾತ್ರ ಕಾಣಿಸಿ ಮಾತು ಹೊರಬರುವುದನ್ನು ಕಾಣಿಸದ ಗಜಮುಖನೇ, ಆದಿಗುರುವೇ, ಮೊದಲು ನಿನಗೆ ಶರಣು. ನಾಲಗೆಯ ಮೇಲೆ ನೆಲೆಸಿರುವಳೆಂದು ಎಲ್ಲರೂ ಹೇಳುವ ವಾಗ್ದೇವಿಯೇ, ಗೊಂಬೆಗೆ ನಾಲಗೆಯೇ ಇಲ್ಲದಿರುವಾಗ ನೀನು ಎಲ್ಲಿ ಕೂತಿರುತ್ತೀಯೋ ನನಗೆ ತಿಳಿಯದು. ಎಲ್ಲಿದ್ದರೂ ಅಲ್ಲಿಂದಲೇ ಸ್ವಲ್ಪ ಈ ಕಡೆ ನೋಡು. ನಾನೀಗ ಹೇಳಹೊರಟಿರುವುದು ರಾಜ್ಯಕ್ಕಾಗಿ ನಡೆದ ಯುದ್ಧವಲ್ಲ, ಒಂದು ಸೌಟಿಗಾಗಿ ನಡೆದದ್ದು. ಆದರೆ ಉರಿದದ್ದರಲ್ಲಿ ಯಾವುದಕ್ಕೂ ಕಡಿಮೆಯಿರಲಿಲ್ಲ.

ಅದು ಯಾವ ಕಾಲವೆಂದರೆ, ತಿಪಟೂರಿನ ಸಂತೆಯಲ್ಲಿ ಕೊಬ್ಬರಿಯ ವಾಸನೆ ಗಾಳಿಗಿಂತ ಮೊದಲು ಬಂದು ಮೂಗನ್ನು ಮುಟ್ಟುತ್ತಿದ್ದ ಕಾಲ. ಟೀವಿಯೆಂಬ ಪೆಟ್ಟಿಗೆ ಮನೆಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿರದ ಕಾಲ. ಬೀದಿಗೊಂದು ಗಣಪತಿ, ಗಣಪತಿಗೊಂದು ಕಮಿಟಿ, ಕಮಿಟಿಗೊಂದು ಮೈಕ್‌ಸೆಟ್ಟು ಇದ್ದ ಕಾಲ. ಆ ಕಾಲದಲ್ಲಿ, ಗಾಣಿಗರ ಬೀದಿಯ ಮೂಲೆಯಲ್ಲಿ, ಪಂಕ್ಚರ್‌ನಿವಾರಣಧುರಂಧರನೂ ಹಳೇಸೈಕಲ್‌ಪುನರುಜ್ಜೀವಕನೂ ಆಗಿ ಹಗಲನ್ನು ಕಳೆದು, ಹೊತ್ತು ಇಳಿದೊಡನೆ ಅಚಲಾಧರೋಷ್ಠನಾಗಿ, ಎಂದರೆ ತುಟಿಯೇ ಅಲ್ಲಾಡಿಸದ ವೀರನಾಗಿ ಬದಲಾಗುತ್ತಿದ್ದವರೊಬ್ಬರಿದ್ದರು. ಹೆಸರು ಪುಟ್ಟಮಲ್ಲಪ್ಪ. ಅವರ ತೊಡೆಯ ಮೇಲೆ ಕೂತು ಮಾತಾಡುವ, ಹಾಲುವಾಣದ ಮರದಿಂದ ಹುಟ್ಟಿದ, ಕೆಂಪು ಕೆನ್ನೆಯ, ಸೂತ್ರಬದ್ಧದವಡೆಯ ದಾರುಪುತ್ರನ ಹೆಸರು ಕೆಂಚಣ್ಣ.

ಈ ವಿದ್ಯೆಯ ವಂಶಾವಳಿಯನ್ನು ಹೇಳದಿದ್ದರೆ ಮುಂದಿನದಕ್ಕೆ ಬುಡವಿರುವುದಿಲ್ಲ. ಅಂಗಿಯೊಳಗೆ ಪಾರಿವಾಳ ಇಟ್ಟುಕೊಂಡು ಊರೂರು ತಿರುಗುತ್ತಿದ್ದ ಜಾದೂಗಾರನೊಬ್ಬ ಪುಟ್ಟಮಲ್ಲಪ್ಪನವರಿಗೆ ಇದನ್ನು ಕಲಿಸಿದ್ದು, ಮತ್ತು ಅವನು ಹೇಳುತ್ತಿದ್ದದ್ದು ಹೀಗೆ. ಬಹಳ ಹಿಂದೆ, ದೂರದ ಯವನರ ದೇಶದಲ್ಲಿ, ಕಣಿ ಹೇಳುವ ಕೆಲವರ ಹೊಟ್ಟೆಯೊಳಗಿಂದ ದನಿ ಬರುತ್ತಿತ್ತಂತೆ. ಸತ್ತುಹೋದವರು ಬಂದು ಅಲ್ಲಿ ಕೂತು ಮಾತಾಡುತ್ತಾರೆಂದು ಜನ ನಂಬಿ, ಮುಂದಾಗುವುದನ್ನೆಲ್ಲ ಆ ಹೊಟ್ಟೆಯನ್ನೇ ಕೇಳುತ್ತಿದ್ದರಂತೆ. ಪರದೇಶದ ಭಾಷೆಯಲ್ಲಿ ಈ ವಿದ್ಯೆಗಿರುವ ಹೆಸರಿಗೂ ಹೊಟ್ಟೆಮಾತು ಎಂದೇ ಅರ್ಥವಂತೆ. ಆಮೇಲೆ ಅದು ದೆವ್ವದ ಕೆಲಸವೆಂದು ಹೆದರಿ, ಅಂಥವರನ್ನು ಕಂಡರೆ ದೂರ ಓಡಿದ ಕಾಲವೂ ಬಂತು. ಕೊನೆಗೆ ಯಾರೋ ಪುಣ್ಯಾತ್ಮ ಆ ದೆವ್ವಕ್ಕೆ ಕೋಟು ತೊಡಿಸಿ, ಕೆನ್ನೆಗೆ ಬಣ್ಣ ಬಳಿದು, ತೊಡೆಯ ಮೇಲೆ ಕೂರಿಸಿಕೊಂಡ. ಜನ ಹೆದರುವುದನ್ನು ಬಿಟ್ಟು ನಗಲು ಹಿಡಿದರು. ಎಲ್ಲ ಬದಲಾಯಿತು, ಒಂದು ಮಾತ್ರ ಬದಲಾಗಲಿಲ್ಲ. ಅದೇನೆಂದರೆ, ಹೇಳಿದ್ದು ನಾನಲ್ಲ ಎನ್ನುವ ಅನುಕೂಲ.

ಕಲೆಯ ಕಷ್ಟ ನೋಡುವವರಿಗೆ ಕಾಣುವುದಿಲ್ಲ. ಹಲ್ಲು ಹತ್ತಿರ ತಂದು, ತುಟಿಯನ್ನು ಕೂದಲೆಳೆಯಷ್ಟು ತೆರೆದು, ಉಸಿರನ್ನು ಹೊಟ್ಟೆಯಿಂದ ಎಳೆದು, ದನಿಯನ್ನು ಗಂಟಲಲ್ಲಿ ಹಿಂಡಿ, ನಾಲಗೆಯೊಂದರಿಂದಲೇ ಎಲ್ಲ ಯುದ್ಧ ಮಾಡಬೇಕು. ಎಡಗೈ ಗೊಂಬೆಯ ಬೆನ್ನಿನೊಳಗೆ ಹೊಕ್ಕು, ಹೆಬ್ಬೆರಳು ದವಡೆಯ ದಾರವನ್ನು ಎಳೆಯುತ್ತಿರಬೇಕು. ಇಷ್ಟೆಲ್ಲ ಆದರೂ ಪ, ಫ, ಬ, ಭ, ಮ ಎಂಬ ಐವರು ಮಹಾರಥಿಗಳು ದಾರಿಗಡ್ಡ ನಿಂತಿರುತ್ತಾರೆ. ತುಟಿಗೆ ತುಟಿ ತಾಗಿಸದೆ ಅವರನ್ನು ದಾಟಿದವನಿಲ್ಲ. ಪುಟ್ಟಮಲ್ಲಪ್ಪನವರು ಅವರನ್ನು ಗೆಲ್ಲಲಿಲ್ಲ, ಬಳಸಿಕೊಂಡು ಹೋದರು. ಪ ಬರುವಲ್ಲಿ ತ ಎಂದರು, ಮ ಬರುವಲ್ಲಿ ನ ಎಂದರು, ಬೇಗ ಎಂದುಬಿಟ್ಟರು. ಹೀಗಾಗಿ ಕೆಂಚಣ್ಣ ತನ್ನನ್ನು ಹೊತ್ತವರನ್ನು "ತುಟ್ಟನಲ್ಲತ್ತ" ಎಂದೇ ಕರೆಯುತ್ತಿದ್ದ. ಊರಿಗೆ ಅದೇ ಮುದ್ದು.

ಈ ಮಹಾವಿದ್ಯೆಗೆ ಒಬ್ಬರೇ ಪರೀಕ್ಷಕರಿದ್ದರು. ಅವರು ಧರ್ಮಪತ್ನಿ ಶಿವಗಂಗಮ್ಮ. ದಿನವೂ ಸಂಜೆ ಪುಟ್ಟಮಲ್ಲಪ್ಪನವರು ಗೋಡೆಗೊರಗಿ ಕೆಂಚಣ್ಣನೊಡನೆ ಅಭ್ಯಾಸಕ್ಕೆ ಕೂತರೆ, ಎದುರಿಗೆ ಶಿವಗಂಗಮ್ಮ ಮೊರದಲ್ಲಿ ಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತ ಕೂರುವರು. ಬೇಳೆಯ ಮೇಲೆ ಬೆರಳು, ಗಂಡನ ತುಟಿಯ ಮೇಲೆ ಕಣ್ಣು. "ಅಲ್ಲಾಡ್ತು" ಎಂದರೆ ಅಲ್ಲಾಡಿತು. ಮೇಲ್ಮನವಿಯೇ ಇರಲಿಲ್ಲ. ಆ ಎರಡು ತುಟಿಗಳು ಎಲ್ಲಿ ನಡುಗುತ್ತವೆ, ಎಲ್ಲಿ ಬಿಗಿಯುತ್ತವೆ, ಯಾವ ಮಾತಿಗೆ ಎಡಗಡೆಯ ಮೂಲೆ ಜಾರುತ್ತದೆ ಎಂಬುದನ್ನು ಆಕೆಯಷ್ಟು ಬಲ್ಲವರು ಈ ಭೂಮಂಡಲದಲ್ಲಿ ಇರಲಿಲ್ಲ.

ಆಕೆಗೂ ಒಂದು ಸಾಮ್ರಾಜ್ಯವಿತ್ತು. ಬೀದಿಯ ಗಣಪತಿಯನ್ನು ಬಿಡುವ ದಿನ ನಡೆಯುವ ಸಂತರ್ಪಣೆಯಲ್ಲಿ ಸಾರಿನ ಕೊಪ್ಪರಿಗೆ ಆಕೆಯದು. ಅನ್ನ ಯಾರಾದರೂ ಬೇಯಿಸಲಿ, ಪಾಯಸ ಯಾರಾದರೂ ತಿರುವಲಿ, ಸಾರಿಗೆ ಮಾತ್ರ ಶಿವಗಂಗಮ್ಮ. ಅತ್ತೆಯ ಕೈಯಿಂದ ಬಂದ, ಆಳುದ್ದ ಹಿಡಿಯ ಹಿತ್ತಾಳೆಯ ಸೌಟೊಂದು ಆಕೆಯ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿತ್ತು. ಅದು ಕಮಿಟಿಯ ಸ್ವತ್ತಾದರೂ ವರ್ಷವೆಲ್ಲ ಇರುತ್ತಿದ್ದದ್ದು ಅಲ್ಲಿ. ಯಾರ ಮನೆಯಲ್ಲಿ ಸೌಟು ತೂಗುವುದೋ ಆ ಮನೆಯಾಕೆ ಸಾರಿನ ಒಡತಿ ಎಂಬುದು ಬೀದಿಯ ಕಟ್ಟಳೆ. ಮಕ್ಕಳಿಲ್ಲದ ಆಕೆಯನ್ನು ಆ ಬೀದಿಯವರು "ಸಾರಿನಮ್ಮ" ಎಂದು ಕರೆಯುವಾಗ, ಆಕೆ ಕೇಳಿಸಿದರೂ ಕೇಳಿಸದಂತೆ ನಡೆದು, ಇನ್ನೊಮ್ಮೆ ಕರೆಸಿಕೊಳ್ಳುತ್ತಿದ್ದರು.

ಯುದ್ಧಕ್ಕೆ ಬೀಜ ಬಿದ್ದದ್ದು ಗಣಪತಿಯನ್ನು ಕೂರಿಸಿದ ಸಂಜೆ. ವೇದಿಕೆಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಪುಟ್ಟಮಲ್ಲಪ್ಪ, ತೊಡೆಯ ಮೇಲೆ ಕೆಂಚಣ್ಣ. ಮೈಕ್‌ಸೆಟ್ಟಿನ ಓಂಕಾರಪ್ಪ ಬಂದು, ಎಂದಿನಂತೆ, ಮೈಕನ್ನು ತಗ್ಗಿಸಿ ತಗ್ಗಿಸಿ ಸರಿಯಾಗಿ ಗೊಂಬೆಯ ಬಾಯಿಯ ಮುಂದೆ ಇಟ್ಟ. ಎಷ್ಟೋ ವರ್ಷಗಳಿಂದ ಹಾಗೆಯೇ ಇಡುತ್ತಿದ್ದ. ಒಮ್ಮೆ ಯಾರೋ ಕೇಳಿದ್ದಕ್ಕೆ, "ಮಾತಾಡೋನ ಮುಂದೆ ತಾನೆ ಮೈಕ್ ಇಡೋದು?" ಎಂದಿದ್ದ. ಗೊಂಬೆಯ ತಲೆ ಪುಟ್ಟಮಲ್ಲಪ್ಪನವರ ಗದ್ದಕ್ಕೆ ಹತ್ತಿರವೇ ಇದ್ದದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

"ಏನಯ್ಯಾ ತುಟ್ಟನಲ್ಲತ್ತ," ಎಂದ ಕೆಂಚಣ್ಣ, "ಗಡ್ಡ ಇಷ್ಟು ನುಣ್ಣಗೆ ಕೆರ್ಕೊಂಡಿದೀಯ. ಕನ್ನಡಿ ಹೊಸದಾ?"

"ಎಲ್ಲಿಯ ಕನ್ನಡಿ ಕೆಂಚಣ್ಣ. ಒಡೆದುಹೋಗಿ ತಿಂಗಳಾಯ್ತು."

"ಕನ್ನಡಿ ಯಾಕಯ್ಯಾ ನಿಂಗೆ. ನಿನ್ನ ಹೆಂಡ್ತಿ ಸಾರು ಇದೆಯಲ್ಲ. ತಟ್ಟೆಗೆ ಹಾಕಿಸ್ಕೊ, ಇಣುಕಿ ನೋಡು, ಗಡ್ಡ ಕೆರ್ಕೊ. ಕೆರ್ಕೊಂಡಾದ್ನೇಲೆ ಅದನ್ನೇ ಉಣ್ಣು."

ಬೀದಿಗೆ ಬೀದಿಯೇ ನಕ್ಕಿತು. ಕೊಬ್ಬರಿ ಮಂಡಿಯ ತೋಂಟದಾರ್ಯ, ಕಮಿಟಿಯ ಅಧ್ಯಕ್ಷ, ನಕ್ಕು ನಕ್ಕು ಹೆಗಲ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ಹೆಂಗಸರ ಸಾಲಿನಲ್ಲಿ ಒಬ್ಬರು ಮಾತ್ರ ನಗಲಿಲ್ಲ.

ಮನೆಗೆ ಬಂದ ಮೇಲೆ ರಣಭೇರಿ ಮೊಳಗಿತು, ಬಹಳ ಸಣ್ಣ ದನಿಯಲ್ಲಿ.

"ಏನಂದ್ರಿ ಸ್ಟೇಜ್ ಮೇಲೆ?"

"ನಾನೇನಂದೆ? ಕೆಂಚಣ್ಣ ಅಂದಿದ್ದು."

"ಕೆಂಚಣ್ಣ."

"ಹೂಂ ಮತ್ತೆ. ನೀನೂ ಕೂತಿದ್ಯಲ್ಲ ಮುಂದೆ. ನನ್ನ ತುಟಿ ಅಲ್ಲಾಡ್ತಾ, ಹೇಳು."

ಇಲ್ಲಿ ಶಿವಗಂಗಮ್ಮನವರು ಸುಳ್ಳು ಹೇಳಬಹುದಿತ್ತು. ಆದರೆ ಆ ಪೀಠದಲ್ಲಿ ಕೂತವರು ಹಾಗೆ ಮಾಡುವುದಿಲ್ಲ. ಆಕೆ ಗಂಡನ ಮುಖ ನೋಡಿದರು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು, "ಇಲ್ಲ," ಎಂದರು. "ಅಲ್ಲಾಡ್ಲಿಲ್ಲ."

"ನೋಡಿದ್ಯಾ," ಎಂದರು ಪುಟ್ಟಮಲ್ಲಪ್ಪ. ಲೋಕದಲ್ಲಿ ಗೆದ್ದೆನೆಂದು ತಿಳಿದವರ ಮುಖ ಎಷ್ಟು ಹೊತ್ತು ಹಾಗಿರುತ್ತದೋ ಅಷ್ಟು ಹೊತ್ತು ಅವರ ಮುಖವೂ ಹಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಮಣೆ ಬಿತ್ತು. ತಟ್ಟೆ ಬಂತು. ಮಣೆಯ ಮೇಲೆ ಕೆಂಚಣ್ಣನನ್ನು ಕೂರಿಸಿ, ಕೋಟಿನ ಗುಂಡಿ ಸರಿಮಾಡಿ, ಶಿವಗಂಗಮ್ಮ ಅನ್ನ ಬಡಿಸಿದರು; ಪಲ್ಯ ಇಟ್ಟರು; ಮಜ್ಜಿಗೆ ಬಗ್ಗಿಸಿದರು.

"ಊಟ ಮಾಡಪ್ಪ ಕೆಂಚಣ್ಣ," ಎಂದರು. "ಹೊರಗಡೆ ಮಾತಾಡೋನು ನೀನು. ಹೆಸರು ತರೋನು ನೀನು. ಉಣ್ಣೋನೂ ನೀನೇ."

"ನಂಗೆ?" ಎಂದರು ಬಾಗಿಲಲ್ಲಿ ನಿಂತ ವೀರರು.

ಶಿವಗಂಗಮ್ಮ ಕೆಂಚಣ್ಣನ ಕಡೆಗೇ ತಿರುಗಿ, "ಯಾರೋ ಏನೋ ಅಂದಂಗಾಯ್ತು," ಎಂದರು. "ನಿನ್ನ ಯಜಮಾನ್ರು ಅನ್ನೋಣ ಅಂದ್ರೆ, ಅವರು ಅಂದಿದ್ದನ್ನ ಅವರದ್ದು ಅಂತ ಹೇಳೋ ಹಂಗೇ ಇಲ್ವಲ್ಲ."

ಆ ದಿನ ಆ ವೀರಾಧಿವೀರರು, ಗೊಂಬೆಯ ಬೆನ್ನಿಗೆ ಕೈಹಾಕಿ, ಗೊಂಬೆಯ ಬಾಯಲ್ಲಿ "ಸಾಕಕ್ಕಾ, ಉಳಿದದ್ದು ಅವನಿಗೆ ಕೊಡಿ" ಎಂದು ಹೇಳಿಸಿ, ಗೊಂಬೆ ಮುಟ್ಟದೆ ಬಿಟ್ಟ ತಟ್ಟೆಯಿಂದ ಮಜ್ಜಿಗೆ ಅನ್ನ ಉಂಡರು. ಸಾರು ಇರಲಿಲ್ಲ. ಸಾರು ಎಲ್ಲಿ ಎಂದು ಕೆಂಚಣ್ಣ ಕೇಳಿದ್ದಕ್ಕೆ ಶಿವಗಂಗಮ್ಮ, "ಕನ್ನಡಿ ಬೇಕಾದ್ರೆ ದೊಡ್ಡಪೇಟೇಲಿ ಸಿಗುತ್ತೆ," ಎಂದರು.

ಹೀಗೆ ಕೆಲವು ದಿನ ನಡೆದಿದ್ದರೆ ಇದು ಗಂಡಹೆಂಡಿರ ಜಗಳವಾಗಿಯೇ ಮುಗಿಯುತ್ತಿತ್ತು. ಆದರೆ ಒಂದು ಬೆಳಿಗ್ಗೆ ಅಧ್ಯಕ್ಷ ತೋಂಟದಾರ್ಯ ಚಪ್ಪಲಿಯನ್ನು ಹೊರಗೆ ಬಿಟ್ಟು, ಒಳಗೆ ಬಂದು, ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಲೋಟವನ್ನು ನೋಡುತ್ತ ಕೂತ.

"ಏನಣ್ಣಾ, ಸಾಮಾನು ಬರೆಸ್ಕೊಂಡು ಹೋಗೋಕೆ ಬಂದ್ರಾ?" ಎಂದರು ಶಿವಗಂಗಮ್ಮ. "ತೊಗರಿಬೇಳೆ ಈ ಸಲ ಸ್ವಲ್ಪ ಜಾಸ್ತಿ ತರ್ಸಿ."

"ಅದೇ ಅಕ್ಕಾ. ಈ ಸಲ ನೀವು ರೆಸ್ಟ್ ತಗೊಳ್ಳಿ ಅಂತ."

"ಯಾಕೆ, ನಂಗೇನಾಗಿದೆ?"

"ನಿಮಗೇನೂ ಆಗಿಲ್ಲ ಬಿಡಿ. ಹುಡುಗರದ್ದು ಅಕ್ಕಾ. ಊಟಕ್ಕೆ ಬರೋವಾಗ ಬ್ಲೇಡು ಸೋಪು ತರ್ತೀವಿ ಅಂತವ್ರೆ. ದೇವರ ಸಂತರ್ಪಣೆ, ನಗೆಪಾಟಲಾಗಬಾರ್ದು. ಅರಸೀಕೆರೆಯಿಂದ ಅಡುಗೆಯೋರಿಗೆ ಹೇಳಿದೀವಿ." ಆಮೇಲೆ ಅವನು ಗೋಡೆಯ ಕಡೆ ನೋಡಿ, ನೋಡಿದ್ದಕ್ಕೆ ತಾನೇ ನಾಚಿ, "ಸೌಟು ಒಂದು ಕೊಟ್ರೆ," ಎಂದ.

ಶಿವಗಂಗಮ್ಮ ಎದ್ದರು. ಸೌಟನ್ನು ಮೊಳೆಯಿಂದ ತೆಗೆದರು. ಹಿತ್ತಲಿಗೆ ಒಯ್ದು, ಹುಣಿಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕಿ, ತೊಳೆದು, ಸೆರಗಿನಲ್ಲಿ ಒರೆಸಿ ತಂದರು. ಅಷ್ಟು ಹೊತ್ತೂ ತೋಂಟದಾರ್ಯ ಖಾಲಿ ಲೋಟ ಹಿಡಿದು ಕೂತಿದ್ದ, ಪುಟ್ಟಮಲ್ಲಪ್ಪ ಬಾಗಿಲಲ್ಲಿ ಸೈಕಲ್ ಚೈನು ಹಿಡಿದು ನಿಂತಿದ್ದರು. ಆಕೆ ಯಾರನ್ನೂ ನೋಡದೆ ಸೌಟನ್ನು ಕೊಟ್ಟು ಒಳಗೆ ಹೋದರು. ಗೋಡೆಯಲ್ಲಿ ಸೌಟು ತೂಗುತ್ತಿದ್ದ ಕಡೆ ಸೌಟಿನಾಕಾರದ ಒಂದು ಬಿಳಿ ಗುರುತು ಉಳಿಯಿತು.

ಅಧ್ಯಕ್ಷ ಹೋದ ಮೇಲೆ ಶಿವಗಂಗಮ್ಮ ಬಾಗಿಲಿಗೆ ಬಂದು ನಿಂತು ಪ್ರತಿಜ್ಞೆ ಮಾಡಿದರು. ವೀರಗಾಥೆಯ ಮರ್ಯಾದೆಗೆ ತಕ್ಕಂತೆ ಅದನ್ನು ಹೀಗೆ ಬರೆಯಬೇಕು: "ಎಲೈ ಪರಮುಖವಾಚಾಲನೇ, ಸ್ವಮುಖಮೌನಿಯೇ, ಕೇಳು. ಯಾವ ವೇದಿಕೆಯ ಮೇಲೆ ನನ್ನ ಸಾರಿನ ಕೀರ್ತಿಯೆಂಬ ಹಿಮಾಚಲವು ನಿನ್ನ ದಾರುಪುತ್ರನ ದವಡೆಯಿಂದ ಪುಡಿಪುಡಿಯಾಯಿತೋ, ಅದೇ ವೇದಿಕೆಯ ಮೇಲೆ, ಅದೇ ಜನಸ್ತೋಮದ ಎದುರಿನಲ್ಲಿ, ನಿನ್ನ ಸ್ವಂತ ಅಧರೋಷ್ಠಗಳನ್ನು ಚಲಿಸಿ, ಆಡಿದ್ದು ನಾನೇ ಎಂದು ನುಡಿಯುವ ತನಕ ಈ ಒಲೆಯ ಮೇಲೆ ಸಾರು ಕುದಿಯಲಾರದು." ಆಕೆ ಹೇಳಿದ್ದು ಇಷ್ಟು: "ಅಲ್ಲೇ ಅಂದಿದ್ದು. ಅಲ್ಲೇ ಹೇಳಿ. ನಿಮ್ಮ ಬಾಯಲ್ಲಿ."

ಅದಕ್ಕೆ ಆ ಸಿಂಹಪರಾಕ್ರಮರು, "ಮೇರುವು ಉರುಳಿದರೂ, ಸಮುದ್ರವು ಬತ್ತಿದರೂ, ಸೈಕಲ್ಲಿನ ಚಕ್ರವು ಚೌಕವಾದರೂ, ಕಲಾವಿದನು ತನ್ನ ಕಲೆಯ ಗುಟ್ಟನ್ನು ಬೀದಿಯಲ್ಲಿ ಬಿಚ್ಚಲಾರನು" ಎಂದು ಗರ್ಜಿಸಿದರು. ಎಂದರೆ, "ನಾನ್ಯಾಕೆ ಹೇಳ್ಲಿ" ಎಂದು ಗೊಣಗಿ, ಅಂಗಡಿಗೆ ಹೋದರು.

ಅವರಿಗೆ ಹಟವಿತ್ತು, ನಿಜ. ಆದರೆ ಹಟದ ಕೆಳಗೆ ಇನ್ನೊಂದಿತ್ತು. ಕೆಂಚಣ್ಣನಿಲ್ಲದೆ ಪುಟ್ಟಮಲ್ಲಪ್ಪನವರಿಗೆ ನಾಲ್ಕು ಜನರ ಮುಂದೆ ಬಾಯಿ ಬರುತ್ತಿರಲಿಲ್ಲ. ಹೆಣ್ಣು ನೋಡಲು ಹೋದಾಗಲೂ ಅವರು ಮಾತಾಡಿರಲಿಲ್ಲ. ಸೋದರಮಾವನೇ ಎಲ್ಲ ಮಾತಾಡಿದ್ದ. ಕೆಂಚಣ್ಣನಿಗೆ ಉತ್ತರ ಕೊಡುವಾಗ ಬಿಟ್ಟರೆ ಬೀದಿಯ ಎಷ್ಟೋ ಜನ ಅವರ ನಿಜವಾದ ದನಿಯನ್ನೇ ಕೇಳಿರಲಿಲ್ಲ.

ಮೊದಲು ಸಂಧಿಗೆ ಕೆಂಚಣ್ಣನನ್ನೇ ಕಳಿಸಿದರು. ಒಲೆಯ ಮುಂದೆ ಕೂತ ಶಿವಗಂಗಮ್ಮನವರ ಎದುರು ಗೊಂಬೆಯ ತಲೆ ಬಗ್ಗಿಸಿ, "ಅಕ್ಕಾ, ನಂದೇ ತತ್ತಾಯ್ತು," ಎನ್ನಿಸಿದರು. ತುಟಿ ತಾಗಿಸದೆ ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆಂದು ಜಾದೂಗಾರ ಕಲಿಸಿರಲಿಲ್ಲ.

"ನಿಂದಲ್ಲ ಬಿಡಪ್ಪ," ಎಂದರು ಶಿವಗಂಗಮ್ಮ, ಕೊಳವೆಯಲ್ಲಿ ಒಲೆ ಊದುತ್ತ. "ನೀನು ಮರ."

ಆ ಸಂಜೆ ಪುಟ್ಟಮಲ್ಲಪ್ಪ ಎಂದಿನಂತೆ ಗೋಡೆಗೊರಗಿ ಅಭ್ಯಾಸಕ್ಕೆ ಕೂತರು. ಎದುರಿಗೆ ಶಿವಗಂಗಮ್ಮ ಮೊರ ಹಿಡಿದು ಕೂತರು. ಕೆಂಚಣ್ಣ ಮಾತಾಡಿದ. ಮೂಲೆಯ ಬೆಕ್ಕಿಗೆ ಏನೋ ಅಂದ, ಮೊರಕ್ಕೆ ಏನೋ ಅಂದ. ಶಿವಗಂಗಮ್ಮ ತಲೆ ಎತ್ತಲಿಲ್ಲ. ಪುಟ್ಟಮಲ್ಲಪ್ಪ ಬೇಕೆಂದೇ ಕೆಳತುಟಿಯನ್ನು ಚೂರು ಜಾರಿಸಿದರು. ಮೊರದಲ್ಲಿ ಕಲ್ಲು ಟಕ್ ಎಂದು ಪಕ್ಕಕ್ಕೆ ಬಿತ್ತು. ಅವರು ತುಟಿಗೆ ತುಟಿ ಬಡಿದು "ಪಾಪ, ಪುಟ್ಟಮಲ್ಲಪ್ಪ ಬಡಪಾಯಿ" ಎಂದು ಕೆಂಚಣ್ಣನ ದನಿಯಲ್ಲಿ ಸ್ಪಷ್ಟವಾಗಿ ಅಂದರು. ಈ ಜನ್ಮದಲ್ಲಿ ಅಂಥ ತಪ್ಪು ಮಾಡಿರಲಿಲ್ಲ. ಆಗಲೂ ಮೊರದ ಆಚೆಯಿಂದ "ಅಲ್ಲಾಡ್ತು" ಎಂಬ ಮಾತು ಬರಲಿಲ್ಲ.

ಕೋಟೆಯ ಬಾಗಿಲು ಮುರಿದಾಗ ಸದ್ದಾಗುತ್ತದೆ ಎಂದು ಕೇಳಿದ್ದೇನೆ. ಪುಟ್ಟಮಲ್ಲಪ್ಪನವರದು ಸದ್ದಿಲ್ಲದೆ ಮುರಿಯಿತು. ಕೆಂಚಣ್ಣನನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಳ ಹಾಕಿದರು.

ಗಣಪತಿಯನ್ನು ಬಿಡುವುದರ ಹಿಂದಿನ ಸಂಜೆ ಕಡೆಯ ಕಾರ್ಯಕ್ರಮ. ಮಾರನೆಯ ದಿನ ಸಂತರ್ಪಣೆ. ಪೆಂಡಾಲು ತುಂಬಿತ್ತು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಎಡಗಡೆಯ ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಶಿವಗಂಗಮ್ಮ. ಆಕೆ ಬರುವರೋ ಇಲ್ಲವೋ ಎಂದು ಬೀದಿಯಲ್ಲಿ ಬೆಳಗಿನಿಂದ ಮಾತಾಗಿತ್ತು. ಬಂದಿದ್ದರು, ಹಸಿರು ಸೀರೆ ಉಟ್ಟು.

ಪುಟ್ಟಮಲ್ಲಪ್ಪ ಕುರ್ಚಿಯಲ್ಲಿ ಕೂತರು. ಓಂಕಾರಪ್ಪ ಬಂದು ಮೈಕನ್ನು ಕೆಂಚಣ್ಣನ ಬಾಯಿಯ ಮುಂದೆ ಇಟ್ಟು, ಊದಿ ನೋಡಿ, ಹೋದ. ಕೆಂಚಣ್ಣ ಅಧ್ಯಕ್ಷರ ಹೊಟ್ಟೆಯ ಬಗ್ಗೆ, ಕೊಬ್ಬರಿಯ ಧಾರಣೆಯ ಬಗ್ಗೆ, ಓಂಕಾರಪ್ಪನ ಹಾಡಿನ ತಟ್ಟೆಗಳ ಬಗ್ಗೆ ಮಾತಾಡಿದ. ಜನ ನಕ್ಕರು. ಆಮೇಲೆ, ನಗು ನಿಲ್ಲುವ ಮೊದಲೇ, ಯಾರೂ ಎಣಿಸದ ಕಾರ್ಯವೊಂದು ನಡೆಯಿತು. ಪುಟ್ಟಮಲ್ಲಪ್ಪ ಎಡಗೈಯನ್ನು ಗೊಂಬೆಯ ಬೆನ್ನಿನಿಂದ ಹೊರಕ್ಕೆ ತೆಗೆದರು. ಎದ್ದರು. ಕೆಂಚಣ್ಣನನ್ನು ಕುರ್ಚಿಯ ಮೇಲೆ ಕೂರಿಸಿದರು. ವೇದಿಕೆಯ ತುದಿಗೆ ನಡೆದರು.

ಎಲೈ ವಾಗ್ದೇವಿಯೇ, ನೀನು ಆ ಗಳಿಗೆಯಲ್ಲಿ ಎಲ್ಲಿದ್ದೆ? ಪ್ರಳಯಕಾಲದ ಮೇಘದಂತೆ ಎದೆ ಗುಡುಗಿ, ಆ ಅಚಲಾಧರೋಷ್ಠನು ತನ್ನ ತುಟಿಗಳನ್ನು, ಕೆಂಚಣ್ಣ ಜೊತೆಗಿಲ್ಲದೆ ಊರು ಎಂದೂ ಅಲ್ಲಾಡಿದ್ದು ಕಂಡಿರದ ಆ ತುಟಿಗಳನ್ನು, ಜನರೆಲ್ಲರ ಎದುರಿನಲ್ಲಿ ತೆರೆದು, ಮುಚ್ಚಿ, ತೆರೆದು, ಮುಚ್ಚಿ, ಮಾತಾಡಿದನು. ಹೇಳಬೇಕಾದದ್ದನ್ನೆಲ್ಲ ಹೇಳಿದನು. ಒಂದನ್ನೂ ನುಂಗಲಿಲ್ಲ.

ಯಾರಿಗೂ ಕೇಳಿಸಲಿಲ್ಲ.

ಮೈಕು ಕುರ್ಚಿಯ ಮುಂದೆ, ಕೆಂಚಣ್ಣನ ತೆರೆದ ಬಾಯಿಗೆ ಆನಿಕೊಂಡು ನಿಂತಿತ್ತು. ಪುಟ್ಟಮಲ್ಲಪ್ಪನವರ ಸ್ವಂತ ದನಿ, ಬಳಸದೆ ಇಟ್ಟ ದನಿ, ವೇದಿಕೆಯ ಅಂಚನ್ನೂ ದಾಟಲಿಲ್ಲ. ಗಂಡಸರ ಕಡೆಯಿಂದ ಯಾರೋ, "ನೋಡ್ರೋ, ತುಟಿ ಅಲ್ಲಾಡ್ತೈತೆ, ಮಾತೇ ಇಲ್ಲ," ಎಂದ.

"ಹೊಸ ಐಟಮ್ಮು ಕಣೋ," ಎಂದ ಇನ್ನೊಬ್ಬ.

ತೋಂಟದಾರ್ಯ ಎದ್ದು ನಿಂತ. "ಇಷ್ಟ್ ದಿನ ತುಟಿ ಅಲ್ಲಾಡಿಸ್ದೆ ಮಾತಾಡೋರು," ಎಂದ, ಪಕ್ಕದವನಿಗೆ ವಿವರಿಸುತ್ತ. "ಇವತ್ತು ಮಾತಾಡ್ದೆ ತುಟಿ ಅಲ್ಲಾಡ್ಸಿದ್ರು. ಇದು ಇನ್ನೂ ಕಷ್ಟ." ಅವನು ಚಪ್ಪಾಳೆ ಹೊಡೆದ. ಪೆಂಡಾಲೆಲ್ಲ ಹೊಡೆಯಿತು. ಹಿಂದಿನ ಸಾಲಿನವರು ಸಿಳ್ಳೆ ಹಾಕಿದರು. ಜೀವಮಾನದಲ್ಲಿ ಅಂಥ ಚಪ್ಪಾಳೆ ಪುಟ್ಟಮಲ್ಲಪ್ಪನವರಿಗೆ ಬಿದ್ದಿರಲಿಲ್ಲ. ಅವರ ಮುಖ ಮಾತ್ರ ಸಂತೆಯಲ್ಲಿ ಜೇಬು ಕತ್ತರಿಸಿಕೊಂಡವರಂತಿತ್ತು.

ಆದರೆ ಆ ಜನಸಾಗರದಲ್ಲಿ ಒಬ್ಬರಿಗೆ ಕಿವಿ ಬೇಕಿರಲಿಲ್ಲ. ಬೇಳೆಯ ಮೊರದ ಮೇಲಿಂದ ಆ ತುಟಿಗಳನ್ನು ಅಷ್ಟು ವರ್ಷ ಓದಿದ ಶಿವಗಂಗಮ್ಮನವರಿಗೆ ಪ್ರತಿಯೊಂದು ಮಾತೂ ಅಚ್ಚು ಹಾಕಿದಂತೆ ಕಂಡಿತ್ತು. ಎಡಗಡೆಯ ಮೂಲೆ ಎಲ್ಲಿ ಜಾರಿತು ಎಂಬುದು ಕೂಡ. ಆಕೆ ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಿಟ್ಟಿದ್ದರೆ ದೊಡ್ಡಮನಸ್ಸಿನವರೆಂದು ನಾವೆಲ್ಲ ಹೊಗಳುತ್ತಿದ್ದೆವು. ಆದರೆ ಸೌಟು ಇನ್ನೂ ಅಧ್ಯಕ್ಷರ ಮಂಡಿಯಲ್ಲಿತ್ತು.

ಆಕೆ ಎದ್ದು ನಿಂತರು. ಚಪ್ಪಾಳೆ ನಿಂತಿತು.

"ಕೇಳಿಸ್ಲಿಲ್ಲ," ಎಂದರು.

ಓಂಕಾರಪ್ಪ ಗಾಬರಿಯಿಂದ ಓಡಿ ಬಂದು, ಮೈಕನ್ನು ಕೆಂಚಣ್ಣನ ಬಾಯಿಗೆ ಇನ್ನೂ ಹತ್ತಿರ ಮಾಡಿದ.

"ಓಂಕಾರಪ್ಪ," ಎಂದರು ಶಿವಗಂಗಮ್ಮ, "ಅಲ್ಲಲ್ಲ. ಅವರ ಮುಂದಿಡು. ಮಾತಾಡೋರು ಅವರು."

ಓಂಕಾರಪ್ಪ ಗೊಂಬೆಯನ್ನು ನೋಡಿದ, ಪುಟ್ಟಮಲ್ಲಪ್ಪನವರನ್ನು ನೋಡಿದ, ಮತ್ತೆ ಗೊಂಬೆಯನ್ನು ನೋಡಿದ. ಯಾರಿಗೂ ತಿಳಿಯದ ಸಂಗತಿಯೇನಲ್ಲ ಅದು. ಆದರೂ ಒಬ್ಬರು ಎದ್ದು ನಿಂತು ಹೇಳಿದ ಮೇಲೆ ಇಡೀ ಪೆಂಡಾಲು, ಈಗತಾನೇ ಗೊತ್ತಾಯಿತು ಎನ್ನುವಂತೆ, ಕುರ್ಚಿಯಿಂದ ಕಣ್ಣು ಕಿತ್ತು ಮನುಷ್ಯನ ಕಡೆ ತಿರುಗಿತು. ಓಂಕಾರಪ್ಪ ತಂತಿ ಎಳೆದುಕೊಂಡು ಮೈಕನ್ನು ವೇದಿಕೆಯ ತುದಿಗೆ ತಂದ. ಅದರ ಕತ್ತನ್ನು ಅಷ್ಟು ಎತ್ತರಕ್ಕೆ ಎಂದೂ ಎತ್ತಿರಲಿಲ್ಲವಾಗಿ ತಿರುಪು ಬಿಗಿದುಕೊ‌ಂಡಿತ್ತು; ಕಷ್ಟಪಟ್ಟು ಸಡಿಲಿಸಿದ. ಮೈಕು ಒಮ್ಮೆ ಕುಯ್ ಎಂದು ಕೂಗಿ ಸುಮ್ಮನಾಯಿತು.

"ಸಾರು," ಎಂದರು ಪುಟ್ಟಮಲ್ಲಪ್ಪ. ದನಿ ತೆಳ್ಳಗಿತ್ತು, ಒಡೆದಿತ್ತು. "ನಮ್ಮನೆ ಸಾರು ಚೆನ್ನಾಗಿರುತ್ತೆ. ಮುಖಗಿಖ ಏನೂ ಕಾಣಲ್ಲ. ಆವತ್ತು ಅಂದಿದ್ದು ನಾನೇ. ಕೆಂಚಣ್ಣ ಅಲ್ಲ. ತಪ್ಪಾಯ್ತು."

ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ, ಬಹಳ ಮರ್ಯಾದೆಯಿಂದಲೇ, "ಕೆಂಚಣ್ಣ ಏನಂತಾನೆ?" ಎಂದು ಕೇಳಿದ. ಎಲ್ಲರೂ ಕುರ್ಚಿಯ ಕಡೆ ನೋಡಿದರು. ಕೆಂಚಣ್ಣ ಒಂದು ಕಡೆಗೆ ವಾಲಿಕೊಂಡು, ದವಡೆ ಜೋತುಬಿಟ್ಟು ಕೂತಿದ್ದ.

ತೋಂಟದಾರ್ಯ ಕೆಮ್ಮಿ, ಹೆಂಗಸರ ಸಾಲಿನ ಕಡೆ ಬಗ್ಗಿ, "ಅಕ್ಕಾ, ಸೌಟು ನಮ್ಮ ಮಂಡೀಲೇ ಇದೆ," ಎಂದ. "ಬೆಳಿಗ್ಗೆ ಕಳಿಸ್ಲಾ?"

"ನಾನೇ ಬರ್ತೀನಿ," ಎಂದರು ಶಿವಗಂಗಮ್ಮ. "ಅರಸೀಕೆರೆಯೋರು ಪಾಯಸ ಮಾಡ್ಲಿ."

ಮರುದಿನದ ಸಾರನ್ನು ವರ್ಣಿಸಲು ನನಗೆ ಪದಗಳು ಸಾಲವು. ಕ್ಷೀರಸಾಗರ ಮಥನದಲ್ಲಿ ಮಂದರಪರ್ವತ ತಿರುಗಿದಂತೆ ಕೊಪ್ಪರಿಗೆಯಲ್ಲಿ ಆ ಹಿತ್ತಾಳೆಯ ಸೌಟು ತಿರುಗಿತು. ಯಾವನ ಮುಖವೂ, ಯಾವ ದೇವರ ಮುಖವೂ, ಮಧ್ಯಾಹ್ನದ ಸೂರ್ಯನ ಮುಖವೂ ಅದರಲ್ಲಿ ಕಾಣಬಾರದೆಂದು ಶಿವಗಂಗಮ್ಮನವರು ಬೇಳೆಯ ಮೇಲೆ ಬೇಳೆ ಸುರಿಸಿದ್ದರು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದಾಗ ಎದ್ದ ಘಮಕ್ಕೆ ಪೆಂಡಾಲಿನ ಹೊರಗಿದ್ದವರೂ ಒಳಗೆ ಬಂದರು. ಬ್ಲೇಡು ತಂದವರು ಯಾರೂ ಕಾಣಲಿಲ್ಲ. ತಂದಿದ್ದವರು ಜೇಬಿನಲ್ಲೇ ಇಟ್ಟುಕೊಂಡರು. ಎಲೆ ಹಾಕಿ, ನೀರು ಚಿಮುಕಿಸಿ, ಜನ ಕೂತಾಗಿತ್ತು. ಗಣಪತಿಗೆ ನೈವೇದ್ಯವಾಯಿತು, ಮಂಗಳಾರತಿಯಾಯಿತು.

ದೇವರಿಗೆ ತೋರಿಸುವ ಮುಂಚೆ ಅಡುಗೆಯವರು ರುಚಿ ನೋಡುವ ಹಾಗಿಲ್ಲ. ಆದ್ದರಿಂದ ನೈವೇದ್ಯವಾದ ಮೇಲೆ, ಪಂಕ್ತಿಗೆ ಬಡಿಸುವ ಮೊದಲು, ಒಂದು ಬಟ್ಟಲಲ್ಲಿ ಸಾರು ಹಾಕಿ ಮನೆಯ ಗಂಡಸಿಗೆ ಕೊಡುವುದು ಆ ಕೊಪ್ಪರಿಗೆಯ ಪದ್ಧತಿ. ಶಿವಗಂಗಮ್ಮ ಬಟ್ಟಲು ತುಂಬಿ ಗಂಡನ ಕೈಗೆ ಕೊಟ್ಟರು. ಎಷ್ಟೋ ದಿನದ ಮೇಲಿನ ಸಾರು. ಪುಟ್ಟಮಲ್ಲಪ್ಪ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದು ಗುಟುಕು ಕುಡಿದರು. ಕಣ್ಣು ತೆರೆದರು.

"ಹೇಗಿದೆ?" ಎಂದರು ಶಿವಗಂಗಮ್ಮ.

"ಚೆನ್ನಾಗಿದೆ," ಎಂದರು ಪುಟ್ಟಮಲ್ಲಪ್ಪ.

ಶಿವಗಂಗಮ್ಮ ಅವರ ಮುಖ ನೋಡಿದರು. ಬಡಿಸುವವರು ಬಕೆಟ್ಟು ಹಿಡಿದು ನಿಂತಿದ್ದರು. ಪೆಂಡಾಲಿನಲ್ಲಿ ಯಾರೋ "ಸಾರು ಬರ್ಲಪ್ಪಾ" ಎಂದು ಕೂಗುತ್ತಿದ್ದ.

"ತುಟಿ ಅಲ್ಲಾಡ್ಲಿಲ್ಲ," ಎಂದರು ಆಕೆ.

ಪುಟ್ಟಮಲ್ಲಪ್ಪ ಬಟ್ಟಲನ್ನು ನೋಡಿದರು. ಅದರಲ್ಲಿ ಮುಖ ಕಾಣಲಿಲ್ಲ.

"ಉಪ್ಪು," ಎಂದರು, ಎರಡೂ ತುಟಿ ಸೇರಿಸಿ, ಸ್ಪಷ್ಟವಾಗಿ. "ಹಾಕಿಲ್ಲ."

ಶಿವಗಂಗಮ್ಮ ಪಕ್ಕಕ್ಕೆ ಬಗ್ಗಿ ಉಪ್ಪಿನ ಜಾಡಿಯ ಮುಚ್ಚಳ ತೆಗೆದರು.